ಘಟ್ಟ ಹತ್ತುವ ಮುಂಚೆ: ಉಡುಪಿ, ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯವರಿಗೆ ಘಟ್ಟ ತುಂಬಾ ಹತ್ತಿರ. ಬೆಳಿಗ್ಗೆ ಆರಕ್ಕೆ ಉಡುಪಿ ಬಿಟ್ಟರೆ ಎಂಟರೊಳಗೆ ಆಗುಂಬೆಯಲ್ಲಿ ಚಹಾ ಕುಡಿಯಬಹುದು. ಹತ್ತಿರ ಅಂತಲೇ ನಮ್ಮವರು ಯಾರನ್ನೂ ಏನೂ ಕೇಳದೆ ಹೊರಡುತ್ತಾರೆ. ಆಮೇಲೆ ಗೇಟಿನಿಂದ ವಾಪಸ್ ಬರುತ್ತಾರೆ, ಇಲ್ಲವೇ ಅರ್ಧ ಬೆಟ್ಟದಲ್ಲಿ ಕುಳಿತು ಬೈದುಕೊಳ್ಳುತ್ತಾರೆ. ಹೊರಡುವ ಮುಂಚೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಚಾರಣಕ್ಕೆ ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಮಳೆ ಹೋಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುವುದುಂಟು. ಬೋಳು ಗುಡ್ಡದ ತುದಿಯಲ್ಲಿ ಸಿಡಿಲಿಗೆ ಸಿಕ್ಕಿದರೆ ಅಡಗಲು ಜಾಗ ಇಲ್ಲ. ಹಾಗಾಗಿ ಆ ತಿಂಗಳು ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನದೊಳಗೆ ತುದಿಯಿಂದ ಇಳಿಯಲು ಶುರು ಮಾಡಿ.

ಫೆಬ್ರವರಿ ಬಂತೆಂದರೆ ಗುಡ್ಡದ ಹುಲ್ಲು ಒಣಗುತ್ತದೆ. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಕೆಲವು ದಾರಿಗಳನ್ನು ಮುಚ್ಚುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ದಾರಿ ತೆರೆದಿದ್ದರೂ ನಾನಂತೂ ಹೋಗಿ ಎನ್ನುವುದಿಲ್ಲ. ನೆರಳಿಲ್ಲದ ಹುಲ್ಲುಗಾವಲಿನಲ್ಲಿ ಹನ್ನೊಂದು ಗಂಟೆಯ ಬಿಸಿಲು ತಲೆ ಸುತ್ತಿಸುತ್ತದೆ.

ಮಳೆಗಾಲದಲ್ಲೇ ಅಲ್ವಾ ಘಟ್ಟದ ಮಜಾ? ಯಾಕೆ ಬೇಡ ಅಂತೀರಿ?

ನೋಡಲು ಮಳೆಗಾಲವೇ ಚಂದ, ಒಪ್ಪೋಣ. ಆದರೆ ನೋಡುವುದು ಬೇರೆ, ಒಳಗೆ ಇಳಿಯುವುದು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆ ಇದೆ. ಮಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಆ ನೀರೆಲ್ಲ ಎಲ್ಲಿಗೆ ಬರಬೇಕು? ಸೀತಾನದಿಗೆ, ಕೂಡ್ಲು ತೀರ್ಥಕ್ಕೆ, ಜೋಮ್ಲು ತೀರ್ಥಕ್ಕೆ. ನೀವು ಕಾಲು ಇಳಿಬಿಟ್ಟು ಕುಳಿತಿರುವ ಬಂಡೆಯ ಹತ್ತಿರಕ್ಕೇ.

ಅಪಾಯ ಇರುವುದು ಇಲ್ಲಿ: ಹೆಬ್ರಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲೆ ಘಟ್ಟದಲ್ಲಿ ಜಡಿಮಳೆ ಆಗುತ್ತಿರಬಹುದು. ಆ ನೀರು ಕೆಳಗೆ ಬರಲು ಹೆಚ್ಚು ಹೊತ್ತು ಬೇಡ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿ ತೇಲಿಬರಲು ಶುರುವಾದರೆ, ನೀರಿನ ಸದ್ದು ಬದಲಾದರೆ ಬ್ಯಾಗು ಚಪ್ಪಲಿ ಬಿಟ್ಟಾದರೂ ಮೇಲೆ ಓಡಿ. ಬಂಡೆಯ ಮೇಲಿನ ಪಾಚಿ ಇನ್ನೊಂದು ಕಥೆ. ಒಳ್ಳೆ ಈಜು ಬರುವವರೂ ಜಾರಿ ಬಿದ್ದು ತಲೆಗೆ ಪೆಟ್ಟಾದರೆ ಈಜಲಾರರು. ಮಳೆಗಾಲದಲ್ಲಿ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದು ಇದಕ್ಕೇ. ಹಗ್ಗ ದಾಟಿ ಒಳಗೆ ಹೋಗುವವರಿಗೆ ಊರಿನವರು ಬೈಯುತ್ತಾರೆ, ಬೈಯಲೇಬೇಕು. ನಿಮ್ಮನ್ನು ಹುಡುಕಲು ನೀರಿಗೆ ಇಳಿಯುವವರು ಅವರೇ ತಾನೇ.

ಹಾಗಾದರೆ ಮನೆಯಲ್ಲೇ ಕೂರಬೇಕಾ? ಬೇಡ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಜು ನೋಡಿಕೊಂಡು ಹೋಗಿ, ಆಗುಂಬೆ ಪೇಟೆಯಲ್ಲಿ ಬಿಸಿಬಿಸಿ ಏನಾದರೂ ತಿಂದು ವಾಪಸ್ ಬನ್ನಿ. ಹೊರಡುವ ದಿನ ಬೆಳಿಗ್ಗೆ ಹವಾಮಾನ ಇಲಾಖೆಯ ಅಲರ್ಟ್ ನೋಡಿ. ಆರೆಂಜ್, ರೆಡ್ ಇದ್ದರೆ ಘಾಟಿ ದಾರಿಯೇ ಬೇಡ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಾಲು ಸಾಲಾಗಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ?

ಬುಕಿಂಗ್ ಕಡ್ಡಾಯವಾ? ಅಲ್ಲೇ ಹೋಗಿ ಟಿಕೆಟ್ ತೆಗೆದುಕೊಳ್ಳಬಹುದಾ?

ಕುದುರೆಮುಖ, ನೇತ್ರಾವತಿ, ಕುರಿಂಜಾಲ್, ಗಂಗಡಿಕಲ್ಲು, ನರಸಿಂಹ ಪರ್ವತ, ಕುಮಾರ ಪರ್ವತ ಮುಂತಾದ ಕಡೆ ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಸಿಗುತ್ತದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ಶನಿವಾರ, ಭಾನುವಾರದ ಕುದುರೆಮುಖ ಬೇಗ ಭರ್ತಿಯಾಗುತ್ತದೆ. ವಾರದ ನಡುವೆ ಒಂದು ರಜೆ ಹಾಕಲು ಆದರೆ ಹಾಕಿ. ಜನವೂ ಕಡಿಮೆ, ಪ್ರಾಣಿ ಪಕ್ಷಿ ಕಾಣುವ ಅವಕಾಶವೂ ಜಾಸ್ತಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಇಟ್ಟುಕೊಳ್ಳಿ. ಗೇಟಿಗೆ ಬೆಳಿಗ್ಗೆಯೇ ತಲುಪಬೇಕು. ತಡವಾದರೆ ಚೀಟಿ ಇದ್ದರೂ ಒಳಗೆ ಬಿಡುವುದಿಲ್ಲ.

ಮೊದಲ ಸಲ ಹೋಗುವವರಿಗೆ ಯಾವ ಬೆಟ್ಟ?

ಎಲ್ಲರೂ ಕುದುರೆಮುಖ ಎನ್ನುತ್ತಾರೆ. ನಾನು ಗಡಾಯಿಕಲ್ಲು ಎನ್ನುತ್ತೇನೆ. ಬೆಳ್ತಂಗಡಿಯ ಹತ್ತಿರ ಒಂಟಿಯಾಗಿ ನಿಂತಿರುವ ಬಂಡೆ ಅದು. ನರಸಿಂಹ ಗಡ, ಜಮಾಲಾಬಾದ್ ಅಂತಲೂ ಕರೆಯುತ್ತಾರೆ. ಮೇಲಿನ ಕೋಟೆಯನ್ನು ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ್ದು, ಹೆಸರು ಅವನ ತಾಯಿಯದ್ದು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ, ಲೆಕ್ಕ ಸಾವಿರ ದಾಟುತ್ತದೆ. ದಾರಿ ತಪ್ಪುವ ಮಾತೇ ಇಲ್ಲ. ಬೆಳಿಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಬೆಳ್ತಂಗಡಿಗೆ ಬರಬಹುದು. ನಿಮ್ಮ ಮೊಣಕಾಲು, ಉಸಿರು, ಶೂ ಮೂರರ ಯೋಗ್ಯತೆಯೂ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಬಿಸಿಲೇರಿದರೆ ಬಂಡೆ ಕಾದ ಕಾವಲಿಯೇ, ಹಾಗಾಗಿ ಬೇಗ ಹೋಗಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಆಗ ಬೇಡ.

ಅದು ಸಲೀಸಾಗಿ ಆದರೆ ಕುರಿಂಜಾಲ್ ಅಥವಾ ಕೊಡಚಾದ್ರಿ. ಕುರಿಂಜಾಲ್ ಕುದುರೆಮುಖ ಪೇಟೆಯ ಹತ್ತಿರದಿಂದ ಶುರುವಾಗುತ್ತದೆ. ದಾರಿಯಲ್ಲಿ ಒಳ್ಳೆ ನೆರಳಿದೆ. ಕೊಡಚಾದ್ರಿ 1,343 ಮೀಟರ್. ಕೊಲ್ಲೂರಿಗೆ ಹೋದವರು ಜೀಪಿನಲ್ಲಿ ಮೇಲೆ ಹೋಗಿ ಸರ್ವಜ್ಞ ಪೀಠ ನೋಡಿ ಬರುತ್ತಾರೆ. ಆ ಜೀಪಿನ ದಾರಿಯಲ್ಲಿ ಸೊಂಟ ಉಳಿದರೆ ಪುಣ್ಯ. ನಡೆಯಲು ಆಗುವವರು ನಡೆಯುವುದೇ ವಾಸಿ.

ಕುದುರೆಮುಖ ಆಮೇಲೆ. ಸಂಸೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡೆಯಬೇಕು. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಚಡಾವು ತೀರಾ ಕಡಿದಾಗಿಲ್ಲ, ಆದರೆ ದಿನ ಪೂರ್ತಿ ಬೇಕು. ಶೋಲಾ ಕಾಡು, ಹುಲ್ಲುಗಾವಲು, ಮತ್ತೆ ಶೋಲಾ, ಮತ್ತೆ ಹುಲ್ಲುಗಾವಲು. ಕಣಿವೆಯ ಮಡಿಲಲ್ಲಿ ಮಾತ್ರ ಮರ, ಮೇಲೆಲ್ಲ ಹುಲ್ಲು. ಕಾಡು ಕಡಿದು ಹೀಗಾಗಿದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಇಲ್ಲ, ಈ ಎತ್ತರದ ಬೆಟ್ಟಗಳ ಸಹಜ ರೂಪವೇ ಅದು. ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ತೊರೆಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ.

ಕುಮಾರ ಪರ್ವತ ಕೊನೆಗೆ ಇರಲಿ. 1,712 ಮೀಟರ್ ಎಂದರೆ ಕುದುರೆಮುಖಕ್ಕಿಂತ ಕಡಿಮೆ ಅಲ್ವಾ ಅನ್ನಬಹುದು. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಶುರುವಾಗುವುದೇ ತೀರಾ ತಗ್ಗಿನಿಂದ. ಪೂರ್ತಿ ಎತ್ತರ ಕಾಲಿನಲ್ಲೇ ಹತ್ತಬೇಕು. ದಾರಿ ನಡುವೆ ಸಿಗುವ ಭಟ್ಟರ ಮನೆಯವರೆಗೆ ಕಾಡಿನ ನೆರಳು, ಆಮೇಲೆ ಬಯಲು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಕಡಿಮೆ.

ಒಂದು ಮಾತು ಗುಂಪಿನವರಿಗೆ. ಬೆಟ್ಟ ಆರಿಸುವಾಗ ನಿಮ್ಮಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರನ್ನು ಕೇಳಿ ಆರಿಸಿ. ವೇಗವಾಗಿ ಹೋಗುವವನು ಮೇಲೆ ಹೋಗಿ ಕಾಯಬಹುದು. ನಿಧಾನದವರು ಕಾಡಿನಲ್ಲಿ ಒಬ್ಬರೇ ಉಳಿಯಬಾರದು.

ಅಜ್ಜಿ, ಚಿಕ್ಕ ಮಕ್ಕಳು ಇದ್ದಾರೆ. ಬೆಟ್ಟ ಹತ್ತದೆ ಕಾಡು ನೋಡುವುದು ಹೇಗೆ?

ಕುಂದಾದ್ರಿಗೆ ಹೋಗಿ. ಆಗುಂಬೆಯಿಂದ ಹತ್ತಿರ. ಮೇಲಿನವರೆಗೆ ವಾಹನ ಹೋಗುತ್ತದೆ, ಕೊನೆಗೆ ಸ್ವಲ್ಪ ಮೆಟ್ಟಿಲು. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯೊಳಗಿನ ಕೊಳ. ಮಂಗಳೂರಿನವರಿಗೆ ಮನೆ ಹತ್ತಿರವೇ ಪಿಲಿಕುಳ ಇದೆ. ಪಶ್ಚಿಮ ಘಟ್ಟದ ಮರಗಳನ್ನು ಹೆಸರಿನ ಫಲಕ ನೋಡಿ ಗುರುತಿಸಲು ಮಕ್ಕಳಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕಾರ್ಕಳ–ಕುದುರೆಮುಖ ದಾರಿಯ ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಅಜ್ಜಿ ನಗುತ್ತಾರೆ, ಹತ್ತುವಾಗ ನಿಮ್ಮನ್ನು ನೋಡುವ ನೋಟವೇ ಬೇರೆ.

ಕಾಡೇ ಬೇಕು ಅಂತಿಲ್ಲದಿದ್ದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಅಲ್ಲಿನ ಕಂಬದಂಥ ಕಲ್ಲುಗಳು ಲಾವಾ ತಣಿದು ಆದದ್ದು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು ಎನ್ನುತ್ತಾರೆ ಭೂವಿಜ್ಞಾನಿಗಳು, ಅಂದರೆ ಸುಮಾರು 8.8 ಕೋಟಿ ವರ್ಷದ ಹಿಂದಿನದ್ದು. ಮಳೆಗಾಲದಲ್ಲಿ ದೋಣಿ ಇಲ್ಲ. ಕಲ್ಲಿನ ಬದಿಯಲ್ಲಿ ನೀರಿಗೆ ಇಳಿಯುವುದು ಯಾವ ಕಾಲದಲ್ಲೂ ಬೇಡ.

ಇಂಬಳ ಕಚ್ಚಿದರೆ ಏನು ಮಾಡಬೇಕು?

ಏನೂ ಆಗುವುದಿಲ್ಲ. ಹೆದರುವವರೇ ಜಾಸ್ತಿ ಕಚ್ಚಿಸಿಕೊಳ್ಳುತ್ತಾರೆ, ಯಾಕೆಂದರೆ ಕಾಲು ನೋಡಿಕೊಳ್ಳಲು ಪದೇ ಪದೇ ನಿಲ್ಲುತ್ತಾರೆ. ನಿಂತಲ್ಲೇ ಇಂಬಳ ಹತ್ತುವುದು. ಹಸಿ ತರಗೆಲೆ ಇರುವಲ್ಲಿ ನಿಲ್ಲದೆ ನಡೆಯಿರಿ, ಬಿಸಿಲು ಬಿದ್ದ ಬಂಡೆಯ ಮೇಲೆ ನಿಂತು ನೋಡಿಕೊಳ್ಳಿ.

ಹೊಗೆಸೊಪ್ಪನ್ನು ಸುಣ್ಣದ ಜೊತೆ ತಿಕ್ಕಿ ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ಮಲೆನಾಡಿನವರ ಹಳೇ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ಕಾಲುಚೀಲಕ್ಕೆ ಉಪ್ಪುನೀರು, ಬೇವಿನೆಣ್ಣೆ ಹಚ್ಚಿದರೂ ಆಗುತ್ತದೆ, ನೀರು ದಾಟಿದ ಮೇಲೆ ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸಿ, ಜಗ್ಗಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೋಗುವ ಮುಂಚೆ ಡಾಕ್ಟರನ್ನು ಕೇಳಿ.

ಇಂಬಳಕ್ಕಿಂತ ಉಣುಗು ಅಪಾಯ ಅನ್ನುತ್ತಾರೆ, ನಿಜವಾ?

ನಿಜ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುವುದೇ ಬೇಸರ. ಮಂಗನ ಕಾಯಿಲೆಯ ವೈರಸ್ಸನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತ ಹೆಸರು. ಹರಡುವುದು ಕಾಡಿನ ಉಣುಗಿನಿಂದ. ಕಾಲ ಸಾಧಾರಣವಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮ್ಮ ಚಾರಣದ ಕಾಲವೇ. ಘಟ್ಟದ ಮೇಲಿನ ಜಿಲ್ಲೆಗಳಲ್ಲಿ ಜಾಸ್ತಿ, ಉಡುಪಿ ಜಿಲ್ಲೆಯ ಘಟ್ಟದ ತಪ್ಪಲಿನಲ್ಲೂ ಕಂಡಿದೆ.

ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಮಲಗಬೇಡಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಡುತ್ತದೆ. ಕಾಡಿಗೆ ಹೋಗುವ ಮುಂಚೆ ಮೈಗೆ ಹಚ್ಚಿಕೊಳ್ಳಬೇಕು. ದಾರಿಯಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಅರಣ್ಯದವರಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣುಗು ಇದೆಯಾ ನೋಡಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಅಂತ ಮೊದಲೇ ಹೇಳಿ. ಅದನ್ನು ಹೇಳದಿದ್ದರೆ ಅವರು ಡೆಂಗಿ ಕಡೆಯೇ ಯೋಚಿಸುತ್ತಾರೆ.

ಹಾವು, ಆನೆ, ಕಾಟಿ?

ಕಾಳಿಂಗ ಸರ್ಪದ ಊರು ಅಂತ ಆಗುಂಬೆಗೆ ಹೆಸರು. ಆದರೆ ಅದು ಮನುಷ್ಯನನ್ನು ಕಂಡರೆ ಸರಿದು ಹೋಗುವ ಹಾವು. ಎಚ್ಚರ ಬೇಕಾದದ್ದು ಕೈಯಿಡುವ ಜಾಗದಲ್ಲಿ. ಪಿಟ್ ವೈಪರ್ ಹಾವುಗಳು ಬಳ್ಳಿಯ ಮೇಲೆ, ಕಲ್ಲಿನ ಸಂದಿನಲ್ಲಿ ಅಲುಗಾಡದೆ ಕುಳಿತಿರುತ್ತವೆ. ಹತ್ತುವಾಗ ಗಿಡ ಹಿಡಿಯುವ ಮುಂಚೆ ಒಮ್ಮೆ ನೋಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ, ಆದಷ್ಟು ಬೇಗ ದೊಡ್ಡ ಆಸ್ಪತ್ರೆಗೆ.

ಆನೆ ಕುಮಾರ ಪರ್ವತ, ಶಿಶಿಲ, ಚಾರ್ಮಾಡಿ ಕಡೆ ಇದೆ. ಹಸಿ ಲದ್ದಿ ಕಂಡರೆ ಅಥವಾ ಬಿದಿರು ಮುರಿಯುವ ಸದ್ದು ಕೇಳಿದರೆ ಬಂದ ದಾರಿಯಲ್ಲೇ ಹಿಂದಕ್ಕೆ. ಒಂಟಿ ಕಾಟಿ ಕಂಡರೆ ಅದಕ್ಕೆ ದಾರಿ ಬಿಟ್ಟು ದೂರ ನಿಲ್ಲಿ, ಫೋಟೋಕ್ಕೆ ಹತ್ತಿರ ಹೋಗಬೇಡಿ. ನಿಜವಾಗಿ ಕಾಣುವ ಅವಕಾಶ ಇರುವುದು ಕೆಂಜಳಿಲು, ಮಂಗಟ್ಟೆ ಹಕ್ಕಿ, ಅದೃಷ್ಟ ಇದ್ದರೆ ಸಿಂಗಳೀಕ. ಬ್ಲೂಟೂತ್ ಸ್ಪೀಕರ್ ತರುವವರಿಗೆ ಇವು ಯಾವುವೂ ಕಾಣುವುದಿಲ್ಲ, ಅವರ ಹಿಂದೆ ಬರುವ ನಮಗೂ ಕಾಣುವುದಿಲ್ಲ.

ಶೂ, ಬಟ್ಟೆ ಹೊಸದು ತೆಗೆದುಕೊಳ್ಳಬೇಕಾ?

ದುಬಾರಿಯದ್ದು ಬೇಡ. ಅಡಿಯಲ್ಲಿ ಒಳ್ಳೆ ಹಲ್ಲುಗಳಿರುವ, ಈಗಾಗಲೇ ಕಾಲಿಗೆ ಒಗ್ಗಿದ ಶೂ ಸಾಕು. ಹೊಸ ಶೂ ಹಾಕಿ ಸೀದಾ ಬೆಟ್ಟಕ್ಕೆ ಹೋದರೆ ಬೊಕ್ಕೆ ಖಂಡಿತ. ಇಳಿಯುವಾಗ ಬೆರಳು ಮುಂದೆ ತಾಗದಷ್ಟು ಜಾಗ ಇರಲಿ. ಜೀನ್ಸ್ ಒದ್ದೆಯಾದರೆ ತೊಡೆ ಉಜ್ಜಿ ನರಕ, ಬೇಗ ಒಣಗುವ ಪ್ಯಾಂಟ್ ಹಾಕಿ. ಮಂಡಿ ನೋವಿನವರಿಗೆ ಇಳಿಯುವಾಗ ಒಂದು ಕೋಲು ದೊಡ್ಡ ಆಸರೆ.

ಊಟ, ನೀರು?

ನೀರು ಒಬ್ಬರಿಗೆ ಕನಿಷ್ಠ ಎರಡು ಲೀಟರ್, ಕುಮಾರ ಪರ್ವತಕ್ಕೆ ಇನ್ನೂ ಜಾಸ್ತಿ. ನಮ್ಮ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಕಾಲು ಹಿಡಿದುಕೊಳ್ಳುವುದುಂಟು. ಒಆರ್‌ಎಸ್ ಪುಡಿ ಇಟ್ಟುಕೊಳ್ಳಿ, ಇಲ್ಲವೇ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಬಾಟಲಿಯಲ್ಲಿ ತುಂಬಿಕೊಳ್ಳಿ. ಊಟಕ್ಕೆ ಚಪಾತಿ, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ನೆಲಗಡಲೆ ಬೆಲ್ಲ. ಮೊಸರನ್ನ ಸೆಕೆಗೆ ಹುಳಿಯಾಗುತ್ತದೆ. ಪೊಟ್ಟಣ, ಕವರ್ ಎಲ್ಲ ವಾಪಸ್ ತನ್ನಿ. ತೊರೆಯಲ್ಲಿ ಸೋಪು, ಶಾಂಪೂ ಹಾಕಬೇಡಿ. ಮಂಗಳೂರಿನ ನಲ್ಲಿಗೆ ತುಂಬೆಯಿಂದ ಬರುವ ನೇತ್ರಾವತಿ ಹುಟ್ಟುವುದು ಕುದುರೆಮುಖದ ಸಾಲಿನಲ್ಲೇ. ಉಡುಪಿಯವರು ಬಜೆಯಿಂದ ಕುಡಿಯುವ ಸ್ವರ್ಣೆಯೂ ಘಟ್ಟದಿಂದಲೇ ಇಳಿಯುತ್ತದೆ.

ಕಾರು ಇಲ್ಲ. ಬಸ್ಸಿನಲ್ಲಿ ಆಗುತ್ತದಾ?

ಆಗುತ್ತದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಬಸ್ಸಿದೆ. ಮಂಗಳೂರಿನಿಂದ ಕಾರ್ಕಳ, ಕುದುರೆಮುಖ ಮೇಲೆ ಕಳಸಕ್ಕೆ ಹೋಗುವ ಬಸ್ಸಿನಲ್ಲಿ ಸಂಸೆಯಲ್ಲಿ ಇಳಿಯಬಹುದು. ಕುಕ್ಕೆಗೆ ಮಂಗಳೂರು ಸೆಂಟ್ರಲ್‌ನಿಂದ ರೈಲೂ ಇದೆ. 2025ರ ಏಪ್ರಿಲಿನಲ್ಲಿ ಪುತ್ತೂರು ಪ್ಯಾಸೆಂಜರ್ ಸುಬ್ರಹ್ಮಣ್ಯ ರೋಡ್‌ವರೆಗೆ ಹೋಗಲು ಶುರುವಾಯಿತು. ನಿಲ್ದಾಣ ಇರುವುದು ನೆಟ್ಟಣದಲ್ಲಿ, ಅಲ್ಲಿಂದ ಕುಕ್ಕೆಗೆ ಮತ್ತೆ ಬಸ್ಸು ಅಥವಾ ಜೀಪು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್ಸು ಅಂತ ಹೆಂಗಸರಿಗೆ ಬೇರೆ ಹೇಳಬೇಕಾಗಿಲ್ಲ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ.

ಬೈಕಿನವರಿಗೆ: ಕಾರ್ಕಳ ಕಡೆಯಿಂದ ಹೋಗುವಾಗ ಮಾಳ ಗೇಟ್ ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ) ಹತ್ತಿರ ಮಂಜು ಚಂದ ಇದೆ ಅಂತ ಸಿಕ್ಕಸಿಕ್ಕಲ್ಲಿ ನಿಲ್ಲಿಸಬಾರದು.

ಕುದುರೆಮುಖದಲ್ಲಿ ಗಣಿ ಈಗಲೂ ಇದೆಯಾ?

ಇಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಅಲ್ಲಿಯವರೆಗೆ ಅದಿರಿನ ಕೆಸರು ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಒಂದು ಕಾಲದಲ್ಲಿ ಶಾಲೆ, ಆಸ್ಪತ್ರೆ ಎಲ್ಲ ಇದ್ದು ತುಂಬಿದ್ದ ಪೇಟೆ ಈಗ ಬಹುಪಾಲು ಖಾಲಿ. ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇನ್ನೂ ಇದೆ.

ಮೇಲೆ ಟೆಂಟ್ ಹಾಕಬಹುದಾ?

ಕುದುರೆಮುಖದ ಒಳಗೆ ಇಲ್ಲ. ಉಳಿಯುವುದಾದರೆ ಸಂಸೆ, ಕಳಸ ಕಡೆಯ ಹೋಂಸ್ಟೇ ಅಥವಾ ಭಗವತಿ ಪ್ರಕೃತಿ ಶಿಬಿರ. ಹೆಬ್ರಿ ಕಡೆ ಸೀತಾನದಿ ಶಿಬಿರ ಇದೆ. ಮದ್ಯ ತಂದರೆ ಗೇಟಿನಲ್ಲೇ ಹಿಡಿಯುತ್ತಾರೆ.

ದಾರಿ ತಪ್ಪಿದರೆ?

ತಪ್ಪಿದೆ ಅಂತ ಅನಿಸಿದ ಕೂಡಲೇ ನಿಲ್ಲಿ, ಕೊನೆಯ ಗುರುತು ಸಿಕ್ಕ ಜಾಗಕ್ಕೆ ವಾಪಸ್ ಹೋಗಿ. ತೊರೆ ಹಿಡಿದು ಕೆಳಗೆ ಹೋದರೆ ಊರು ಸಿಗುತ್ತದೆ ಎನ್ನುವುದು ನಮ್ಮ ಘಟ್ಟಕ್ಕೆ ಹೊಂದುವ ಮಾತಲ್ಲ. ಇಲ್ಲಿನ ತೊರೆಗಳು ಪಶ್ಚಿಮಕ್ಕೆ ಇಳಿಯುವಾಗ ಪ್ರಪಾತಕ್ಕೆ ಧುಮುಕುತ್ತವೆ. ಸೀತಾನದಿಯ ಬರ್ಕಣ ಜಲಪಾತ ಬೀಳುವುದು ಸುಮಾರು 850 ಅಡಿ. ಜೋರಾಗಿ ಕೂಗುವುದಕ್ಕಿಂತ ಒಂದು ಸೀಟಿ ಇಟ್ಟುಕೊಳ್ಳಿ, ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಊದಿ.

ಮೇಲೆ ನೆಟ್‌ವರ್ಕ್ ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಮನೆಯವರಿಗೆ ಯಾವ ಬೆಟ್ಟ, ಯಾವ ಗೇಟು, ಎಷ್ಟು ಗಂಟೆಗೆ ವಾಪಸ್ ಅಂತ ಬರೆದು ಕೊಡಿ. ಸಿಗ್ನಲ್ ಸಿಕ್ಕಿದರೆ 112, ಆಂಬುಲೆನ್ಸಿಗೆ 108. ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗುತ್ತದೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲೆ. ಹಗಲಿನಲ್ಲೇ ಬರುತ್ತೇವೆ ಅಂತ ಇದ್ದರೂ ಟಾರ್ಚ್ ಬಿಟ್ಟು ಹೋಗಬೇಡಿ.

ನಮ್ಮ ನಾಯಿಯನ್ನು ಕರೆದುಕೊಂಡು ಹೋಗಬಹುದಾ? ಡ್ರೋನ್?

ಎರಡೂ ಇಲ್ಲ. ನಾಯಿಯಿಂದ ಕಾಡುಪ್ರಾಣಿಗಳಿಗೆ ರೋಗ ಹರಡಬಹುದು, ಚಿರತೆಗೆ ನಾಯಿ ಇಷ್ಟದ ಊಟ ಕೂಡ. ಡ್ರೋನಿಗೆ ಇಲಾಖೆಯ ಅನುಮತಿ ಬೇರೆಯೇ ಬೇಕು. ಸುಮ್ನೆ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ ಗೇಟಿನಲ್ಲಿ ವಾದ ಮಾಡಿದರೆ ನಿಮ್ಮ ಹಿಂದೆ ನಿಂತವರಿಗೂ ತಡ.